ಶಾಸನಕಲ್ಲಿನಿಂದ ನಕ್ಷೆಯವರೆಗೆ: ಕರಾವಳಿಯ ಶಾಸನ ಅಧ್ಯಯನಕ್ಕೆ ವಿಜ್ಞಾನದ ವಿಧಾನಗಳನ್ನು ಜೋಡಿಸುವ ಬಗೆ

ಬಾರಕೂರು, ಉದ್ಯಾವರ, ವಡ್ಡರ್ಸೆ, ಕಾರ್ಕಳ, ಮೂಡುಬಿದಿರೆ. ಈ ಊರುಗಳ ದೇವಸ್ಥಾನದ ಅಂಗಳದಲ್ಲಿ, ಬಸದಿಯ ಗೋಡೆಯ ಪಕ್ಕದಲ್ಲಿ, ಗದ್ದೆಯ ಬದುವಿನಲ್ಲಿ ಶಾಸನಕಲ್ಲುಗಳು ಮಳೆ ತಿನ್ನುತ್ತಾ ನಿಂತಿವೆ. ಪಾದೂರು ಗುರುರಾಜ ಭಟ್ಟ, ಕೆ.ವಿ. ರಮೇಶ್ ಅವರಂಥ ವಿದ್ವಾಂಸರು ಈ ನೆಲದಲ್ಲಿ ನಡೆದಾಡಿ ಓದಿಟ್ಟ ಪಾಠಗಳ ಮೇಲೆಯೇ ತುಳುನಾಡಿನ ಇತಿಹಾಸ ನಿಂತಿದೆ. ಅವರ ಕೈಯಲ್ಲಿದ್ದದ್ದು ಒದ್ದೆ ಕಾಗದ, ಮಸಿ, ಪಳಗಿದ ಕಣ್ಣು. ಇಂದು ನಮ್ಮ ಬಳಿ ಕ್ಯಾಮೆರಾ, ಉಪಗ್ರಹದ ದತ್ತಾಂಶ, ಉಚಿತ ತಂತ್ರಾಂಶ ಎಲ್ಲವೂ ಇವೆ. ಆದರೆ ತಂತ್ರಾಂಶ ಬಳಸಿದ ಮಾತ್ರಕ್ಕೆ ಅಧ್ಯಯನ ವೈಜ್ಞಾನಿಕವಾಗುವುದಿಲ್ಲ. ಕಂಡದ್ದನ್ನು ಒಂದು ಕಡೆ, ಊಹಿಸಿದ್ದನ್ನು ಇನ್ನೊಂದು ಕಡೆ ಬರೆದಿಟ್ಟು, ನಾವು ತಪ್ಪಿದ್ದರೆ ಅದನ್ನು ಇನ್ನೊಬ್ಬರು ಹಿಡಿಯುವಂತೆ ದಾರಿ ತೆರೆದಿಡುವುದೇ ವಿಜ್ಞಾನ ನಮಗೆ ಕೊಡಬಹುದಾದ ದೊಡ್ಡ ಸಹಾಯ ಎಂದು ನಾನು ನಂಬಿದ್ದೇನೆ.

ಈ ಮಾರ್ಗದರ್ಶಿ ಇತಿಹಾಸ ಮತ್ತು ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ, ಊರಿನ ಶಾಸನದ ಬಗ್ಗೆ ಆಸಕ್ತಿಯಿರುವ ಶಿಕ್ಷಕರಿಗೆ ಮತ್ತು ಮಾನವಿಕ ಅಧ್ಯಯನಕ್ಕೆ ಕೈಜೋಡಿಸಲು ಬಯಸುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ. ಭೂದಾನದ ಒಂದು ಶಾಸನವನ್ನು ಹಿಡಿದು ಕಲ್ಲಿನಿಂದ ನಕ್ಷೆಯವರೆಗೆ ಹೋಗೋಣ.

ಹಂತ 1: ಪ್ರಶ್ನೆಯನ್ನು ಮೊದಲು ಬರೆಯಿರಿ

"ಬಾರಕೂರಿನ ಶಾಸನಗಳ ಡಿಜಿಟಲ್ ಅಧ್ಯಯನ" ಎಂಬುದು ಶೀರ್ಷಿಕೆಯಾಗಬಹುದು, ಪ್ರಶ್ನೆಯಾಗದು. ಪ್ರಶ್ನೆಗೆ "ಇಲ್ಲ" ಎಂಬ ಉತ್ತರವೂ ಬರುವ ಸಾಧ್ಯತೆ ಇರಬೇಕು. ಒಂದು ಉದಾಹರಣೆ ನೋಡಿ. ನಮ್ಮ ಕಡೆ ಗದ್ದೆಗಳಲ್ಲಿ ಮೂರು ಬಗೆ: ತಗ್ಗಿನಲ್ಲಿ ನೀರು ನಿಲ್ಲುವ ಬೈಲು, ನಡುವಿನ ಮಜಲು, ಮಳೆಯನ್ನೇ ನಂಬಿದ ಎತ್ತರದ ಬೆಟ್ಟು. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯಬಹುದು. ಬೆಟ್ಟಿನಲ್ಲಿ ಸಾಮಾನ್ಯವಾಗಿ ಒಂದೇ. ಹಾಗಾದರೆ ದೇವಸ್ಥಾನಕ್ಕೆ ಬಿಟ್ಟ ಭೂಮಿ ಊರಿನ ಒಳ್ಳೆಯ ಬೈಲು ಗದ್ದೆಯೇ, ಅಥವಾ ದಾನಿಗಳು ಬೈಲನ್ನು ತಮಗಿಟ್ಟುಕೊಂಡು ಬೆಟ್ಟನ್ನು ಬಿಟ್ಟುಕೊಟ್ಟರೇ? ಇದಕ್ಕೆ ಎರಡೂ ಬಗೆಯ ಉತ್ತರ ಸಾಧ್ಯ. ಭಕ್ತಿ, ಅಧಿಕಾರ, ಆರ್ಥಿಕತೆ ಮೂರೂ ಈ ಒಂದು ಪ್ರಶ್ನೆಯಲ್ಲಿ ಸೇರಿವೆ.

ಕಲ್ಲಿನ ಹತ್ತಿರ ಹೋಗುವ ಮೊದಲೇ ಒಂದು ಪುಟದಲ್ಲಿ ಪ್ರಶ್ನೆ, ನಿಮ್ಮ ನಿರೀಕ್ಷೆ, ಯಾವ ಸಾಕ್ಷ್ಯ ಸಿಕ್ಕರೆ ಆ ನಿರೀಕ್ಷೆಯನ್ನು ಬಿಟ್ಟುಕೊಡುತ್ತೀರಿ ಎಂಬುದನ್ನು ಬರೆದು, ದಿನಾಂಕ ಹಾಕಿ ಸಹಿ ಮಾಡಿ. ದತ್ತಾಂಶ ನೋಡಿದ ಮೇಲೆ ಪ್ರಶ್ನೆಯನ್ನು ಅದಕ್ಕೆ ತಕ್ಕಂತೆ ಬಗ್ಗಿಸುವ ಆಸೆ ಎಲ್ಲರಲ್ಲೂ ಹುಟ್ಟುತ್ತದೆ. ಈ ಪುಟ ಅದನ್ನು ತಡೆಯುತ್ತದೆ.

ಹಂತ 2: ಅನುಮತಿ ಮತ್ತು ಜೊತೆಗಾರರು

ಸ್ಮಾರಕ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯದೋ, ರಾಜ್ಯ ಇಲಾಖೆಯದೋ, ದೇವಸ್ಥಾನದ ಆಡಳಿತ ಮಂಡಳಿಯದೋ, ಖಾಸಗಿ ಮನೆಯ ಜಾಗದಲ್ಲಿದೆಯೋ ಮೊದಲು ತಿಳಿಯಿರಿ. ಟ್ರೈಪಾಡ್ ಮತ್ತು ದೀಪ ಒಯ್ಯುವುದಾದರೆ ಲಿಖಿತ ಅನುಮತಿ ಪಡೆಯಿರಿ. ಕಲ್ಲಿಗೆ ಪೂಜೆ ನಡೆಯುತ್ತಿದ್ದರೆ ಅರ್ಚಕರು ಹೇಳಿದ ಹೊತ್ತೇ ನಿಮ್ಮ ಹೊತ್ತು.

ತಂಡದಲ್ಲಿ ಹಳಗನ್ನಡ ಮತ್ತು ಲಿಪಿ ಬಲ್ಲವರು ಒಬ್ಬರು, ಲೆಕ್ಕ ಮತ್ತು ಗಣಕ ಬಲ್ಲವರು ಒಬ್ಬರು, ಊರಿನವರು ಒಬ್ಬರು ಇರಲಿ. ಮೂರನೆಯವರು ದಾರಿ ತೋರಿಸಲು ಮಾತ್ರ ಎಂದುಕೊಂಡರೆ ಅಧ್ಯಯನ ಅರ್ಧಕ್ಕೆ ನಿಲ್ಲುತ್ತದೆ. ಏಳನೆಯ ಹಂತದಲ್ಲಿ ಇದು ಸ್ಪಷ್ಟವಾಗುತ್ತದೆ. ಮಣಿಪಾಲ, ಸುರತ್ಕಲ್ ಮತ್ತು ಮಂಗಳಗಂಗೋತ್ರಿಯ ವಿದ್ಯಾಸಂಸ್ಥೆಗಳು ಪರಸ್ಪರ ಇಷ್ಟು ಹತ್ತಿರವಿರುವ ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಇಂಥ ತಂಡ ಕಟ್ಟುವುದು ಕಷ್ಟವಾಗಬಾರದು.

ಹಂತ 3: ಕಲ್ಲನ್ನು ಮುಟ್ಟದೆ ಚಿತ್ರ ತೆಗೆಯುವುದು

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕರಾವಳಿಯಲ್ಲಿ ಕಲ್ಲಿನ ಮೇಲೆ ಪಾಚಿ ಮತ್ತು ಕಲ್ಲುಹೂವು ಬೆಳೆಯುತ್ತವೆ. ತಂತಿಯ ಬ್ರಷ್, ಆಮ್ಲ, ತೆಂಗಿನ ನಾರು ಯಾವುದರಿಂದಲೂ ಉಜ್ಜಬೇಡಿ. ಕಲ್ಲುಹೂವು ಕಲ್ಲಿನ ಕಣಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಅದನ್ನು ಕಿತ್ತರೆ ಅಕ್ಷರದ ಅಂಚೂ ಜೊತೆಗೆ ಬರುತ್ತದೆ. ಅಕ್ಷರದೊಳಗೆ ಸೀಮೆಸುಣ್ಣ ತುಂಬುವ ಹಳೆಯ ಅಭ್ಯಾಸವನ್ನೂ ಬಿಡಿ. ಸುಣ್ಣ ತುಂಬುವಾಗಲೇ ನೀವು ಓದಿ ಮುಗಿಸಿರುತ್ತೀರಿ. ಮುಂದೆ ಚಿತ್ರ ನೋಡುವವನಿಗೆ ಕಾಣುವುದು ಕಲ್ಲಲ್ಲ, ನಿಮ್ಮ ಓದು.

ಸವೆದ ಅಕ್ಷರ ಕಾಣುವುದು ಓರೆ ಬೆಳಕಿನಲ್ಲಿ. ಈ ಸರಳ ಸಂಗತಿಯ ಮೇಲೆ ಕಟ್ಟಿದ ವಿಧಾನವನ್ನು ಆರ್‌ಟಿಐ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್) ಎನ್ನುತ್ತಾರೆ. ಇದರ ಮೂಲ ತಂತ್ರವನ್ನು 2001ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಪ್ರಕಟಿಸಿದರು. ಕ್ಯಾಮೆರಾ ಮತ್ತು ಕಲ್ಲು ಅಲುಗಬಾರದು. ದೀಪ ಮಾತ್ರ ಸುತ್ತುತ್ತಾ ಹೋಗಬೇಕು. ಪ್ರತಿ ಚಿತ್ರದಲ್ಲಿ ಬೆಳಕು ಯಾವ ದಿಕ್ಕಿನಿಂದ ಬಂತೆಂದು ತಂತ್ರಾಂಶಕ್ಕೆ ಹೇಳಲು ಕಲ್ಲಿನ ಪಕ್ಕ ಒಂದು ಹೊಳೆಯುವ ಕಪ್ಪು ಗೋಲ ಇಡುತ್ತೇವೆ. ಆ ಗೋಲದ ಮೇಲೆ ಮಿನುಗುವ ಚುಕ್ಕಿಯಿಂದ ಬೆಳಕಿನ ಕೋನ ಲೆಕ್ಕವಾಗುತ್ತದೆ.

ಗೋಲ ಎಷ್ಟು ದೊಡ್ಡದಿರಬೇಕು? ಚಿತ್ರದಲ್ಲಿ ಅದರ ಅಡ್ಡಗಲ ಕನಿಷ್ಠ 250 ಪಿಕ್ಸೆಲ್ ಇರಬೇಕು ಎಂಬುದು ರೂಢಿಯ ಅಳತೆ. ನಿಮ್ಮ ಕ್ಯಾಮೆರಾದ ಚಿತ್ರ 6000 ಪಿಕ್ಸೆಲ್ ಅಗಲವಿದ್ದು, ಅದರಲ್ಲಿ 1.2 ಮೀಟರ್ ಅಗಲದ ಜಾಗ ಹಿಡಿಸಿದರೆ ಒಂದು ಮಿಲಿಮೀಟರಿಗೆ 5 ಪಿಕ್ಸೆಲ್ ಬಂತು. 52.5 ಮಿಲಿಮೀಟರಿನ ಸ್ನೂಕರ್ ಚೆಂಡು ಆಗ ಸುಮಾರು 262 ಪಿಕ್ಸೆಲ್ ಆಗುತ್ತದೆ. ಆ ಆಟದ ಕಪ್ಪು ಚೆಂಡನ್ನೇ ಕೊಂಡರೆ ಕೆಲಸ ನಡೆಯುತ್ತದೆ. ಶಾಸನ ಇದಕ್ಕಿಂತ ಎತ್ತರವಿದ್ದರೆ ಭಾಗ ಮಾಡಿ ತೆಗೆಯಿರಿ. ಭಾಗಗಳು ಒಂದರ ಮೇಲೊಂದು ಸ್ವಲ್ಪ ಹಾಯ್ದಿರಲಿ.

ಉಳಿದ ಕ್ರಮ ಹೀಗೆ. ಮುಸ್ಸಂಜೆಯ ನಂತರ ಅಥವಾ ಟಾರ್ಪಾಲು ಕಟ್ಟಿದ ನೆರಳಿನಲ್ಲಿ ಕೆಲಸ ಮಾಡಿ. ಫೋಕಸ್, ಎಕ್ಸ್‌ಪೋಶರ್ ಎರಡನ್ನೂ ಕೈಯಿಂದಲೇ ಹೊಂದಿಸಿ ಹಾಗೆಯೇ ಬಿಡಿ. ದೀಪಕ್ಕೆ ಒಂದು ದಾರ ಕಟ್ಟಿ, ಶಾಸನದ ಕರ್ಣದ ಎರಡರಿಂದ ನಾಲ್ಕು ಪಟ್ಟು ಉದ್ದ ಇಟ್ಟುಕೊಂಡು, ಪ್ರತಿ ಬಾರಿ ದಾರದಿಂದ ಅಳೆದು ದೀಪ ಹಿಡಿಯಿರಿ. ಚಿತ್ರ ತೆಗೆಯುವ ಕ್ಷಣಕ್ಕೆ ದಾರ ಸರಿಸಿ. ಕಲ್ಲಿನ ಮೇಲ್ಮೈಗೆ ಸುಮಾರು 15 ಡಿಗ್ರಿಯಿಂದ 65 ಡಿಗ್ರಿವರೆಗಿನ ಕೋನಗಳಲ್ಲಿ ಸುತ್ತಲೂ ಹೋಗಿ, ಒಟ್ಟು 24ರಿಂದ 60 ಚಿತ್ರ ತೆಗೆಯಿರಿ. ಚಿತ್ರಗಳನ್ನು ಜೋಡಿಸಲು ಆರ್‌ಟಿಐ ಬಿಲ್ಡರ್, ರಿಲೈಟ್ ಎಂಬ ಉಚಿತ ತಂತ್ರಾಂಶಗಳಿವೆ. ಕೊನೆಗೆ ಪರದೆಯ ಮೇಲೆ ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ಓದಬಹುದು.

ಇಷ್ಟು ಸಲಕರಣೆ ಇಲ್ಲದಿದ್ದರೆ? ಟ್ರೈಪಾಡಿನಲ್ಲಿ ಮೊಬೈಲ್ ಕೂರಿಸಿ, ಎಂಟು ದಿಕ್ಕುಗಳಿಂದ ಟಾರ್ಚನ್ನು ಕಲ್ಲಿಗೆ ಒರಗಿಸಿದಂತೆ ಹಿಡಿದು ಎಂಟು ಚಿತ್ರ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಬಹಳಷ್ಟು ಶಾಸನಗಳಿಗೆ ಇದೇ ಸಾಕು. ಕಲ್ಲಿನ ನಿಜವಾದ ಆಕಾರ, ಆಳ, ವಾಲಿಕೆ ಬೇಕಿದ್ದರೆ ಮಾತ್ರ ಸುತ್ತಲಿಂದ ತೆಗೆದ ಚಿತ್ರಗಳಿಂದ ಮೂರು ಆಯಾಮದ ಮಾದರಿ ಕಟ್ಟುವ ಫೋಟೋಗ್ರಾಮೆಟ್ರಿಗೆ ಹೋಗಿ.

ಹಂತ 4: ಇಬ್ಬರು ಬೇರೆ ಬೇರೆ ಕುಳಿತು ಓದುವುದು

ದಕ್ಷಿಣ ಕನ್ನಡದ ಅನೇಕ ಶಾಸನಗಳ ಪಾಠ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಏಳನೆಯ ಸಂಪುಟದಲ್ಲಿ ಅಚ್ಚಾಗಿದೆ. ಅದನ್ನು ಈಗಲೇ ತೆರೆಯಬೇಡಿ. ಅಚ್ಚಾದ ಪಾಠ ಕಣ್ಣ ಮುಂದಿದ್ದರೆ ಕಲ್ಲಿನಲ್ಲಿ ಇಲ್ಲದ ಅಕ್ಷರವೂ ಕಾಣಿಸತೊಡಗುತ್ತದೆ. ಇಬ್ಬರು ಓದುಗರು ಪರಸ್ಪರ ಮಾತಾಡದೆ, ಒಂದೇ ಚಿತ್ರದಿಂದ ಅಕ್ಷರ ಅಕ್ಷರವಾಗಿ ಓದಿ, ಪ್ರತಿ ಅಕ್ಷರದ ಮುಂದೆ "ಸ್ಪಷ್ಟ" ಅಥವಾ "ಸಂದಿಗ್ಧ" ಎಂದು ಗುರುತು ಹಾಕಲಿ.

ಆಮೇಲೆ ಹೋಲಿಸಿ. ಊಹೆಗೆ ಒಂದು ಲೆಕ್ಕ ತೆಗೆದುಕೊಳ್ಳೋಣ: 200 ಅಕ್ಷರಗಳಲ್ಲಿ ಇಬ್ಬರೂ ತಲಾ 160ನ್ನು ಸ್ಪಷ್ಟ ಎಂದಿದ್ದಾರೆ, ಗುರುತುಗಳು 170 ಕಡೆ ತಾಳೆಯಾಗಿವೆ. ಶೇ. 85 ಒಮ್ಮತ ಎಂದು ಸಂತೋಷಪಡುವ ಮುನ್ನ ಯೋಚಿಸಿ. ಇಬ್ಬರೂ ಕಣ್ಣುಮುಚ್ಚಿ ಐದರಲ್ಲಿ ನಾಲ್ಕು ಅಕ್ಷರಕ್ಕೆ ಸ್ಪಷ್ಟ ಎಂದು ಬರೆದಿದ್ದರೂ 0.8 × 0.8 + 0.2 × 0.2, ಅಂದರೆ 0.68ರಷ್ಟು ಒಮ್ಮತ ತಾನಾಗಿಯೇ ಬರುತ್ತಿತ್ತು. ಅದನ್ನು ಕಳೆದು ನೋಡುವ ಅಳತೆಯನ್ನು 1960ರಲ್ಲಿ ಜೇಕಬ್ ಕೋಹೆನ್ ಎಂಬ ಮನಶ್ಶಾಸ್ತ್ರಜ್ಞರು ಕೊಟ್ಟರು. ಅದರ ಹೆಸರು ಕಪ್ಪಾ. ನಮ್ಮ ಲೆಕ್ಕದಲ್ಲಿ 0.85ರಿಂದ 0.68 ಕಳೆದರೆ 0.17, ಅದನ್ನು 1ರಿಂದ 0.68 ಕಳೆದ 0.32ರಿಂದ ಭಾಗಿಸಿದರೆ 0.53. ಒಮ್ಮತ ಸಾಧಾರಣ, ಅಷ್ಟೆ. ಎಲ್ಲಿ ಭಿನ್ನಮತವಿದೆಯೋ ಅಲ್ಲಿಗೆ ಹಿಂತಿರುಗಿ, ಬೆಳಕು ತಿರುಗಿಸಿ ಮತ್ತೆ ನೋಡಿ.

ಭಿನ್ನಮತ ಉಳಿದರೆ ಮತಕ್ಕೆ ಹಾಕಿ ತೀರ್ಮಾನಿಸಬೇಡಿ. ಎರಡೂ ಓದುಗಳನ್ನು ಉಳಿಸಿ. ಮಾನವಿಕ ಅಧ್ಯಯನದಿಂದ ವಿಜ್ಞಾನದವರು ಕಲಿಯಬೇಕಾದ ಪಾಠ ಇಲ್ಲಿದೆ: ಕೆಲವು ಸಂದಿಗ್ಧಗಳಲ್ಲಿ ಅರ್ಥವಿರುತ್ತದೆ, ಸರಾಸರಿ ಹಾಕಿದರೆ ಆ ಅರ್ಥವೇ ಸಾಯುತ್ತದೆ. ಇದಾದ ನಂತರ ಅಚ್ಚಾದ ಪಾಠವನ್ನು ಮೂರನೆಯ ಓದುಗನಾಗಿ ತನ್ನಿ. ಆ ಪಾಠ ಓದಿದ ಕಾಲದಲ್ಲಿ ಕಲ್ಲು ಇಂದಿಗಿಂತ ಕಡಿಮೆ ಸವೆದಿದ್ದಿರಬಹುದು. ಅಂದಿನ ಪಾಠದಲ್ಲಿರುವ, ಇಂದು ಕಾಣದ ಅಕ್ಷರಗಳನ್ನು ಪ್ರತ್ಯೇಕವಾಗಿ ಗುರುತಿಸಿ; ಸವಕಳಿಯ ದಾಖಲೆಯೂ ಅದೇ ಆಗುತ್ತದೆ.

ಹಂತ 5: ಪಾಠವನ್ನು ಗಣಕಕ್ಕೆ ಇಳಿಸುವುದು

ಕಲ್ಲಿನಲ್ಲಿ ಇದ್ದಂತೆಯೇ ಬೆರಳಚ್ಚು ಮಾಡಿ. ಹಳೆಯ ಶಾಸನಗಳಲ್ಲಿ ಎ–ಏ, ಒ–ಓ ಭೇದ ಬರವಣಿಗೆಯಲ್ಲಿ ಇರುವುದಿಲ್ಲ. ಅದನ್ನು ಇಂದಿನ ಕಾಗುಣಿತಕ್ಕೆ ತಿದ್ದಿದ ಪಾಠ ಇನ್ನೊಂದು ಸಾಲಿನಲ್ಲಿರಲಿ. ಱ, ೞ ಅಕ್ಷರಗಳನ್ನು ರ, ಳ ಮಾಡಬೇಡಿ. ಕಾಲ ನಿರ್ಣಯಕ್ಕೆ ಅವು ಬೇಕಾಗುತ್ತವೆ. ತುಳು–ತಿಗಳಾರಿ ಲಿಪಿಗೆ 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16ರಲ್ಲಿ ಜಾಗ ಸಿಕ್ಕಿದೆ. ಹಾಗಾಗಿ ಆ ಲಿಪಿಯ ಶಾಸನವನ್ನು ಕನ್ನಡ ಅಕ್ಷರದಲ್ಲಿ ಮಾತ್ರ ಉಳಿಸಬೇಕಾದ ಅನಿವಾರ್ಯ ಈಗ ಇಲ್ಲ.

ಒಡೆದ ಭಾಗಕ್ಕೆ ಚೌಕ ಕಂಸ, ತಿದ್ದುಪಡಿಗೆ ದುಂಡು ಕಂಸ ಎಂದು ಯಾವುದಾದರೂ ಒಂದು ಕ್ರಮ ಹಿಡಿದು, ಆ ಕ್ರಮವನ್ನು ಮೊದಲ ಪುಟದಲ್ಲೇ ಬರೆಯಿರಿ. ದೊಡ್ಡ ಸಂಗ್ರಹ ಮಾಡುವವರು ಶಾಸನಗಳಿಗೆಂದೇ ಇರುವ ಎಪಿಡಾಕ್ ಎಂಬ ಗುರುತು ಪದ್ಧತಿಯನ್ನು ಕಲಿಯುವುದು ಒಳಿತು.

ತಾಂತ್ರಿಕವಾದ ಎರಡು ಎಚ್ಚರಿಕೆಗಳು. "ೊ" ಎಂಬ ಸ್ವರಚಿಹ್ನೆಯನ್ನು ಗಣಕ ಒಂದೇ ಸಂಕೇತವಾಗಿಯೂ, "ೆ" ಮತ್ತು "ೂ" ಸೇರಿದ ಎರಡು ಸಂಕೇತಗಳಾಗಿಯೂ ಇಟ್ಟುಕೊಳ್ಳಬಲ್ಲದು. ಕಣ್ಣಿಗೆ ಎರಡೂ ಒಂದೇ. ಹುಡುಕಾಟಕ್ಕೆ ಬೇರೆ ಬೇರೆ. ಎಲ್ಲ ಕಡತಗಳನ್ನೂ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದ ಮೇಲೆಯೇ ಪದಗಳನ್ನು ಎಣಿಸಿ. ಹಾಗೆಯೇ ಕನ್ನಡದ ಸೊನ್ನೆ ಮತ್ತು ಅನುಸ್ವಾರ ನೋಡಲು ಒಂದೇ ತೆರನಾಗಿದ್ದು, ಮುದ್ರಿತ ಪುಟಗಳನ್ನು ಯಂತ್ರ ಓದಿದಾಗ ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತದೆ. ಶಕವರ್ಷದಲ್ಲಿ ಇದು ಆದರೆ ಲೆಕ್ಕವೇ ಕೆಡುತ್ತದೆ.

ಹಂತ 6: ಕಾಲವನ್ನು ಪರೀಕ್ಷೆಗೆ ಒಡ್ಡುವುದು

ಈ ಹಂತದ ಮೇಲೆ ನನಗೆ ವಿಶೇಷ ಪ್ರೀತಿ. ಶಾಸನ ಬರೆಸಿದವರು ಕಾಲವನ್ನು ಹಲವು ಬಗೆಯಲ್ಲಿ ಹೇಳಿರುತ್ತಾರೆ: ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ. ಇವು ಒಂದನ್ನೊಂದು ಪರೀಕ್ಷಿಸುವ ಸಾಕ್ಷಿಗಳು.

ಕಾರ್ಕಳದ ಸುಮಾರು 42 ಅಡಿ ಎತ್ತರದ ಗೊಮ್ಮಟನನ್ನೇ ತೆಗೆದುಕೊಳ್ಳಿ. ಭೈರರಸ ಮನೆತನದ ವೀರಪಾಂಡ್ಯ ಅದನ್ನು ನಿಲ್ಲಿಸಿದ್ದು ಶಕ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುಕ್ಲ ದ್ವಾದಶಿ, ಬುಧವಾರ. ಮೊದಲು ಸಂವತ್ಸರ. ದಕ್ಷಿಣದ ಪದ್ಧತಿಯಲ್ಲಿ ಗತಶಕಕ್ಕೆ, ಅಂದರೆ ಆಗಲೇ ಮುಗಿದ ಶಕವರ್ಷಗಳ ಎಣಿಕೆಗೆ, 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ. ಶೇಷ ಸೊನ್ನೆಯಾದರೆ ಅರುವತ್ತನೆಯ ಕ್ಷಯ. 1353ಕ್ಕೆ 12 ಕೂಡಿಸಿದರೆ 1365. 60ರಿಂದ ಭಾಗಿಸಿದರೆ ಶೇಷ 45. ಪ್ರಭವದಿಂದ ಎಣಿಸಿ, ನಲವತ್ತೈದನೆಯದು ವಿರೋಧಿಕೃತ್. ತಾಳೆಯಾಯಿತು.

ಇನ್ನು ಇಸವಿ. ಶಕಕ್ಕೆ 78 ಕೂಡಿಸುವುದು ಎಲ್ಲರಿಗೂ ಗೊತ್ತು. ಆದರೆ ಫಾಲ್ಗುಣ ಬರುವ ಹೊತ್ತಿಗೆ ಕ್ರಿಸ್ತವರ್ಷ ಬದಲಾಗಿರುತ್ತದೆ, 79 ಕೂಡಿಸಬೇಕು. ಹಾಗಾಗಿ 1432. ತಿಥಿ ಮತ್ತು ವಾರ ಸೇರಿಸಿ ಲೆಕ್ಕ ಹಾಕಿದರೆ ಸಿಗುವ ದಿನ 1432ರ ಫೆಬ್ರವರಿ 13, ಬುಧವಾರ. ಅಂದು ಅಮಾವಾಸ್ಯೆ ಕಳೆದು ಹನ್ನೊಂದೂವರೆ ದಿನ ಆಗಿತ್ತೆಂದು ಚಂದ್ರನ ಸರಾಸರಿ ಚಲನೆಯ ಲೆಕ್ಕ ಹೇಳುತ್ತದೆ, ಅದು ದ್ವಾದಶಿಯೇ. ಇದು ಜೂಲಿಯನ್ ಕ್ಯಾಲೆಂಡರಿನ ದಿನಾಂಕ. ಕೆಲವು ಪಂಚಾಂಗ ತಂತ್ರಾಂಶಗಳು ಇಂದಿನ ಗ್ರೆಗೋರಿಯನ್ ಕ್ಯಾಲೆಂಡರನ್ನೇ ಹಿಂದಕ್ಕೆ ಎಳೆದು ಫೆಬ್ರವರಿ 22 ಎಂದು ತೋರಿಸಬಹುದು. ಯಾವ ಕ್ಯಾಲೆಂಡರ್ ಎಂದು ಬರೆಯದ ದಿನಾಂಕಕ್ಕೆ ಬೆಲೆಯಿಲ್ಲ.

ಈ ವಿಧಾನದ ಶಕ್ತಿ ಗೊತ್ತಾಗುವುದು ಅಂಕಿ ಸವೆದಾಗ. ಶಕವರ್ಷದ ಹತ್ತರ ಸ್ಥಾನ ಅಳಿಸಿಹೋಗಿ 13–3 ಎಂದಷ್ಟೇ ಉಳಿದಿದೆ, ಸಂವತ್ಸರ ವಿರೋಧಿಕೃತ್ ಎಂದು ಓದಬಹುದು ಎಂದುಕೊಳ್ಳಿ. 1303ರಿಂದ 1393ರವರೆಗಿನ ಹತ್ತು ವರ್ಷಗಳಿಗೂ ಲೆಕ್ಕ ಹಾಕಿ. ಶೇಷ 45 ಬರುವುದು 1353ಕ್ಕೆ ಮಾತ್ರ. ಅದೇ ಸಂವತ್ಸರ ದುರ್ಮತಿ ಎಂದಿದ್ದರೆ 1303 ಮತ್ತು 1363 ಎರಡಕ್ಕೂ ಶೇಷ 55 ಬರುತ್ತದೆ. ಆಗ ತಿಥಿ–ವಾರಗಳ ಸಹಾಯ ಬೇಕು. ವಾರ ತಾಳೆಯಾದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ: ಯಾವುದೇ ತಪ್ಪು ದಿನಾಂಕಕ್ಕೂ ವಾರ ಆಕಸ್ಮಿಕವಾಗಿ ಹೊಂದುವ ಸಾಧ್ಯತೆ ಏಳರಲ್ಲಿ ಒಂದು.

ಕರಾವಳಿಯಲ್ಲಿ ಸೌರಮಾನ ತಿಂಗಳುಗಳೂ ಬಳಕೆಯಲ್ಲಿದ್ದವು. ಕದ್ರಿಯ ಲೋಕೇಶ್ವರ ಮೂರ್ತಿಯ ಶಾಸನ ಕಲಿವರ್ಷವನ್ನು ಹೇಳುತ್ತದೆ. ಅದರಿಂದಲೇ 968 ಎಂಬ ಇಸವಿ ಬಂದಿದೆ. ಯಾವ ಮಾನ, ಯಾವ ಶಕೆ, ಗತವರ್ಷವೋ ವರ್ತಮಾನ ವರ್ಷವೋ ಎಂಬ ಮೂರನ್ನೂ ಪ್ರತ್ಯೇಕ ಅಂಕಣಗಳಲ್ಲಿ ದಾಖಲಿಸಿ. ಕಾಲದ ಉಲ್ಲೇಖವೇ ಇಲ್ಲದ ಶಾಸನಕ್ಕೆ ಲಿಪಿ ನೋಡಿ ಕೊಡುವ ಕಾಲವನ್ನು "ಸುಮಾರು" ಎಂದಲ್ಲ, "ಇಂತಿಂಥ ಶತಮಾನಗಳ ನಡುವೆ" ಎಂದು ಎರಡು ಗಡಿ ಹಾಕಿ ಬರೆಯಿರಿ.

ಪ್ರಯೋಗಾಲಯದ ಮಾತು ಸಾಮಾನ್ಯವಾಗಿ ಇಲ್ಲೇ ಬರುತ್ತದೆ. ಇಂಗಾಲ–14ರ ಪರೀಕ್ಷೆ ಕಲ್ಲಿನ ಬರಹದ ಕಾಲವನ್ನು ಹೇಳಲಾರದು. ತಾಳೆಗರಿಗೆ ಮಾಡಿಸಿದರೂ ಗರಿ ಕತ್ತರಿಸಿದ ಕಾಲ ತಿಳಿದೀತು. ಬರೆದ ಕಾಲವಾಗಲಿ, ಕೃತಿಯ ಕಾಲವಾಗಲಿ ಅಲ್ಲ.

ಹಂತ 7: ಗದ್ದೆಗಳನ್ನು ನೆಲದ ಮೇಲೆ ಹುಡುಕುವುದು

ಶಾಸನದಲ್ಲಿ ಗದ್ದೆಯ ಹೆಸರು, ಗಡಿ, ಬೀಜವರಿ ಎಂಬ ಬಿತ್ತನೆ ಬೀಜದ ಅಳತೆ, ಬರಬೇಕಾದ ಅಕ್ಕಿಯ ಮುಡಿ ಇರುತ್ತವೆ. ಮುಡಿಯನ್ನು ನೇರವಾಗಿ ಕಿಲೋಗ್ರಾಮಿಗೆ ಪರಿವರ್ತಿಸುವ ಆತುರ ಬೇಡ. ಮುಡಿಗೆ ಎಷ್ಟು ಸೇರು ಎಂಬುದು ಊರಿಂದ ಊರಿಗೆ ಬೇರೆ. ಹಾನೆಯ ಅಳತೆಯೂ ಹಾಗೆಯೇ. ಮೂಲದ ಅಳತೆ ಒಂದು ಅಂಕಣದಲ್ಲಿ, ನಿಮ್ಮ ಪರಿವರ್ತನೆ ಇನ್ನೊಂದರಲ್ಲಿ ಇರಲಿ.

ಹೆಸರುಗಳು ಇನ್ನೂ ಬದುಕಿವೆ. ಉಡುಪಿ ನಗರದೊಳಗೇ ಕುಂಜಿಬೆಟ್ಟು ಇದೆ, ಗುಂಡಿಬೈಲು ಇದೆ. ಹಳ್ಳಿಗಳಲ್ಲಿ ಪ್ರತಿ ಗದ್ದೆಗೂ ಹೆಸರುಂಟು. ಅದು ಪಹಣಿಯಲ್ಲಿ ಸಿಗದು. ಅಲ್ಲಿರುವುದು ಸರ್ವೆ ನಂಬರ್. ಹೆಸರು ಉಳಿದಿರುವುದು ಗದ್ದೆಗಿಳಿದವರ ನೆನಪಿನಲ್ಲಿ. ಓಬೇಲೆ ಎಂಬ ನಾಟಿಯ ಹಾಡು ಹಾಡುತ್ತಾ ನೇಜಿ ನೆಟ್ಟ ಅಜ್ಜಿಯಂದಿರನ್ನು ಕೇಳಿ. ಅವರ ಜೊತೆ ತುಳುವಿನಲ್ಲೋ ಕುಂದಾಪುರ ಕನ್ನಡದಲ್ಲೋ ಮಾತಾಡುವವರು ನಿಮ್ಮ ತಂಡದಲ್ಲಿ ಇರಬೇಕಾದದ್ದು ಇದಕ್ಕೇ. 1974ರ ಭೂಸುಧಾರಣೆ ತಿದ್ದುಪಡಿಯ ಬಳಿಕ ಗೇಣಿದಾರರೇ ಒಡೆಯರಾದ ಗದ್ದೆಗಳ ಬಗ್ಗೆ ಹಳೆಯ ವರ್ಗದಾರ ಮನೆತನಕ್ಕಿಂತ ಉತ್ತವರ ಮನೆಯಲ್ಲೇ ಹೆಚ್ಚು ತಿಳಿಯುತ್ತದೆ. ಒಪ್ಪಿಗೆ ಪಡೆದು ಧ್ವನಿ ದಾಖಲಿಸಿ. ಶಾಸನದ ಪಟ್ಟಿಯನ್ನು ಮೊದಲೇ ಓದಿ ಹೇಳಬೇಡಿ; ಅವರೇ ಹೆಸರು ಹೇಳಲಿ, ಆಮೇಲೆ ಹೋಲಿಸಿ.

ಪ್ರತಿ ಗದ್ದೆಗೂ ಒಂದು ವಿಶ್ವಾಸದ ದರ್ಜೆ ಕೊಡಿ: ಹೆಸರೂ ಗಡಿಯೂ ಹೊಂದಿದರೆ ಖಚಿತ, ಹೆಸರು ಮಾತ್ರ ಹೊಂದಿದರೆ ಸಂಭಾವ್ಯ, ಉಳಿದದ್ದು ಊಹೆ. ನಕ್ಷೆಯಲ್ಲಿ ಈ ಮೂರಕ್ಕೂ ಬೇರೆ ಬೇರೆ ಬಣ್ಣ. ನಕ್ಷೆಗೆ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಸಾಕು. ಮೀಟರಿನಲ್ಲಿ ದೂರ ಅಳೆಯಲು ನಮ್ಮ ಎರಡೂ ಜಿಲ್ಲೆಗಳು ಸೇರುವ ಯುಟಿಎಂ ಎಂಬ ನಕ್ಷಾ ಪದ್ಧತಿಯ 43 ಉತ್ತರ ವಲಯವನ್ನು, ಅಂದರೆ ತಂತ್ರಾಂಶದಲ್ಲಿ ಇಪಿಎಸ್‌ಜಿ 32643 ಎಂಬ ಸಂಕೇತವನ್ನು ಆರಿಸಿಕೊಳ್ಳಿ.

ಎತ್ತರದ ವಿಷಯದಲ್ಲಿ ಬಹಳ ಎಚ್ಚರ ಬೇಕು. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದ ಎಸ್‌ಆರ್‌ಟಿಎಂ ದತ್ತಾಂಶ ಉಚಿತವಾಗಿ ಸಿಗುತ್ತದೆ. ಎಲ್ಲರೂ ಅದನ್ನೇ ಹಾಕುತ್ತಾರೆ. ಆದರೆ ಅದರ ಒಂದು ಚೌಕ ಸುಮಾರು 30 ಮೀಟರ್. ರೇಡಾರ್ ತೆಂಗು–ಅಡಿಕೆಯ ತಲೆಗೆ ಬಡಿದು ಹಿಂತಿರುಗುತ್ತದೆ. ಬೈಲಿಗೂ ಬೆಟ್ಟಿಗೂ ಇರುವ ಅಂತರ ಕೆಲವೇ ಮೀಟರ್ ಇರುವಾಗ, ತೋಟದ ಎತ್ತರವೇ ಅದಕ್ಕಿಂತ ಹೆಚ್ಚು. ಪರದೆಯ ಮೇಲೆ ನಕ್ಷೆ ಸುಂದರವಾಗಿ ಕಾಣುತ್ತದೆ, ಹೇಳುವುದು ಸುಳ್ಳು. ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆಯಿಂದ, ಹತ್ತಿರದ ತೋಡಿನಿಂದ, ಅಂದರೆ ಸಣ್ಣ ಹಳ್ಳದಿಂದ, ಗದ್ದೆಯವರೆಗೆ ಹಂತಹಂತವಾಗಿ ಮಟ್ಟ ಹಿಡಿದು ಹೋಗಿ. ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬುದು ನಮಗೆ ಮುಖ್ಯವಲ್ಲ, ಕಾರ್ಕಳದ ಬೈಲು ಮಲ್ಪೆಯ ಬೆಟ್ಟಿಗಿಂತ ಎತ್ತರದಲ್ಲೇ ಇರುತ್ತದೆ. ಊರೊಳಗಿನ ತೋಡಿನಿಂದ ಎಷ್ಟು ಮೇಲೆ ಎಂಬುದೇ ಬೇಕಾದ ಅಂಕಿ.

ಹಂತ 8: ಉತ್ತರ ಆಕಸ್ಮಿಕವೇ ಎಂದು ನೋಡುವುದು

ದಾನದ ಗದ್ದೆಗಳ ಸರಾಸರಿ ಎತ್ತರ ಉಳಿದ ಗದ್ದೆಗಳಿಗಿಂತ ಒಂದು ಮೀಟರ್ ಕಡಿಮೆ ಬಂತೆನ್ನಿ. ಸಂಭ್ರಮಿಸುವ ಮುನ್ನ ಹೀಗೆ ಮಾಡಿ: ಎಲ್ಲ ಗದ್ದೆಗಳ ಎತ್ತರವನ್ನು ಹಾಗೆಯೇ ಇಟ್ಟು, "ದಾನ", "ಇತರ" ಎಂಬ ಚೀಟಿಗಳನ್ನು ಮಾತ್ರ ಆಯಾ ಊರಿನೊಳಗೇ ಕಲೆಸಿ ಮತ್ತೆ ಹಂಚಿ, ಸರಾಸರಿಯ ವ್ಯತ್ಯಾಸ ನೋಡಿ. ಗಣಕದಿಂದ ಇದನ್ನು 10,000 ಸಲ ಮಾಡಿಸಿ. ಅಷ್ಟರಲ್ಲಿ ಒಂದು ಮೀಟರ್ ಅಥವಾ ಹೆಚ್ಚಿನ ವ್ಯತ್ಯಾಸ ಎಷ್ಟು ಸಲ ಬಂತು? 3,000 ಸಲ ಬಂದಿದ್ದರೆ ನಿಮ್ಮ ಫಲಿತಾಂಶ ಬರೀ ಆಕಸ್ಮಿಕ ಇರಬಹುದು. 50 ಸಲ ಮಾತ್ರವಾದರೆ ಹೇಳಲು ಒಂದು ಮಾತಿದೆ. ಖಚಿತ ದರ್ಜೆಯ ಗದ್ದೆಗಳನ್ನು ಮಾತ್ರ ಇಟ್ಟು ಮತ್ತೊಮ್ಮೆ ಮಾಡಿ. ಫಲಿತಾಂಶ ನಿಲ್ಲುತ್ತದೆಯೇ ನೋಡಿ.

ಲೆಕ್ಕ ಹೇಳಲಾರದ್ದು ಇನ್ನೂ ಇದೆ. ಕಲ್ಲಿನಲ್ಲಿ ಕೊರೆಸುವ ಶಕ್ತಿ ಇದ್ದವರ ದಾನ ಮಾತ್ರ ನಮಗೆ ಸಿಕ್ಕಿದೆ. ಓಲೆಯಲ್ಲಿ ಬರೆದದ್ದು, ಬಾಯಿಮಾತಿನಲ್ಲಿ ಕೊಟ್ಟದ್ದು ಹೋಗಿದೆ. ಉಳಿದುಕೊಂಡ ದೇವಸ್ಥಾನಗಳ ಕಲ್ಲು ಉಳಿದಿದೆ, ಪಾಳುಬಿದ್ದವುಗಳ ಕಲ್ಲು ಬಾವಿಕಟ್ಟೆಗೂ ಕಾಲುಸಂಕಕ್ಕೂ ಹೋಗಿದೆ. ಆದ್ದರಿಂದ "ತುಳುನಾಡಿನ ದಾನಿಗಳು" ಎಂದು ಬರೆಯದೆ "ಶಾಸನ ಹಾಕಿಸಿದ ದಾನಿಗಳು" ಎಂದು ಬರೆಯಿರಿ. ದಾನಿ ಬೈಲನ್ನೇ ಏಕೆ ಕೊಟ್ಟ ಎಂಬುದಕ್ಕೆ ಉತ್ತರ ಶಾಸನದ ಮಾತಿನಲ್ಲಿ, ಆಚರಣೆಯಲ್ಲಿ, ಕಾಲದ ರಾಜಕೀಯದಲ್ಲಿ ಹುಡುಕಬೇಕು. ಅದಕ್ಕೆ ಇತಿಹಾಸಕಾರರ ವರ್ಷಗಳ ಓದೇ ಬೇಕು.

ಹಂತ 9: ಬಿಟ್ಟುಕೊಡುವುದು

ಮೂಲ ಚಿತ್ರಗಳು, ಇಬ್ಬರು ಓದುಗರ ಪ್ರತ್ಯೇಕ ಪಾಠಗಳು, ದತ್ತಾಂಶದ ಕೋಷ್ಟಕ, ಲೆಕ್ಕದ ಕೋಡ್, ಮೊದಲ ದಿನ ಸಹಿ ಮಾಡಿದ ಪುಟ ಎಲ್ಲವನ್ನೂ ಸೇರಿಸಿ ಜೆನೋಡೋದಂಥ ಶಾಶ್ವತ ಸಂಗ್ರಹದಲ್ಲಿ ಇಡಿ. ಅದು ಸರ್ನ್ ಸಂಸ್ಥೆ ನಡೆಸುವ ಉಚಿತ ಸಂಗ್ರಹ. ಪ್ರತಿ ಆವೃತ್ತಿಗೂ ಉಲ್ಲೇಖಿಸಬಹುದಾದ ಡಿಒಐ ಸಂಖ್ಯೆ ಸಿಗುತ್ತದೆ. ನಾಗಬನ, ದೈವಸ್ಥಾನಗಳ ನಿಖರ ಸ್ಥಳ ಹಾಕಬೇಡಿ ಎಂದು ಮನೆಯವರು ಹೇಳಿದರೆ ಸ್ಥಳಾಂಕವನ್ನು ಗ್ರಾಮದ ಮಟ್ಟಕ್ಕೆ ಮಸುಕುಗೊಳಿಸಿ, ಹಾಗೆ ಮಾಡಿದ್ದೇವೆಂದು ಬರೆಯಿರಿ. ಸಂದರ್ಶನ ಕೊಟ್ಟವರ ಹೆಸರು ಹಾಕುವುದು ಅವರು ಬಯಸಿದರೆ ಮಾತ್ರ.

ಶಾಸನದ ಪಾಠ, ಇಂದಿನ ಕನ್ನಡದಲ್ಲಿ ಅದರ ಸಾರಾಂಶ, ಒಂದು ಚಿತ್ರ ಇಷ್ಟನ್ನು ಒಂದೇ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ದೇವಸ್ಥಾನದ ಕಚೇರಿಗೂ ಊರಿನ ಶಾಲೆಗೂ ಕೊಡಿ. ಸಂದಿಗ್ಧ ಅಕ್ಷರಗಳನ್ನು ಆ ಹಾಳೆಯಲ್ಲೂ ಗುರುತಿಸಿರಿ. ಜೊತೆಗೆ ತಿದ್ದುಪಡಿ ಕಳಿಸಲು ಒಂದು ವಿಳಾಸ ಹಾಕಿ. ಯಾರಾದರೂ ಒಂದು ಅಕ್ಷರವನ್ನು ತಿದ್ದಿ ಬರೆದರೆ ಕಲ್ಲಿನ ಚಿತ್ರಕ್ಕೆ ಹಿಂತಿರುಗಿ ನೋಡಿ, ಸರಿಯಿದ್ದರೆ ಅವರ ಹೆಸರಿನೊಂದಿಗೆ ಆವೃತ್ತಿ 1.1 ಎಂದು ಪ್ರಕಟಿಸಿ, ಹಳೆಯ ಪಾಠವನ್ನು ಅಳಿಸದೆ ಹಾಗೆಯೇ ಇಟ್ಟುಕೊಳ್ಳಿ.